ಕಾಣದ ನಾಣ್ಯ: ರೈತರು ತಿಳಿದಿರಬೇಕಾದ ಸಂಗತಿಗಳು



ರಾಗಿ ಒಕ್ಕಣೆ ಮುಗಿದ ಹೊಸದರಲ್ಲಿ ನಮ್ಮ ವಲಯದ ಒಂದು ಹಳ್ಳಿಯಲ್ಲಿ ಕಾಂಪೋಸ್ಟ್ ಗುಂಡಿಯ ಪ್ರಾತ್ಯಕ್ಷಿಕೆ ನಡೆದಿತ್ತು. ಅದು ಮುಗಿದು ಎಲ್ಲರೂ ಎದ್ದ ಮೇಲೆ ಹಿರಿಯ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಮೊಬೈಲ್ ಫೋನನ್ನು ತೋರಿಸಿದರು. "ಇದು ನೋಡಿ ಸ್ವಾಮಿ, ನಮ್ಮ ತಂಗಿಯ ಮಗ ಸೇರಿಸಿದಾನೆ. ಐದು ಸಾವಿರ ಹಾಕಿದ್ದೆ, ವಾರಕ್ಕೆ ಎಂಟುನೂರು ಬಂತು. ಎರಡು ಸೀಮೆಹಸು ಮಾರಿ ಬಂದದ್ದನ್ನೆಲ್ಲ ಹಾಕೋಣ ಅಂತಿದೀನಿ. ಏನಂತೀರಿ?" ಎಂದು ಕೇಳಿದರು. ಫೋನಿನಲ್ಲಿ ಯಾವುದೋ 'ಕಾಯಿನ್' ಎಂಬ ಹೆಸರೂ, ದಿನದಿನಕ್ಕೆ ಏರುತ್ತಿರುವ ಅಂಕಿಯೂ ಕಾಣುತ್ತಿದ್ದವು.

ಬೆಳೆಯ ರೋಗದ ಪ್ರಶ್ನೆಯಾಗಿದ್ದರೆ ಅಲ್ಲಿಯೇ ಉತ್ತರ ಹೇಳಬಹುದಾಗಿತ್ತು. ಇದಕ್ಕೆ ಹದಿನೈದು ದಿನ ಕಾಲಾವಕಾಶ ಕೇಳಿ, ಅಲ್ಲಿಯವರೆಗೆ ಹಸುಗಳನ್ನು ಮಾರಬೇಡಿರೆಂದು ಹೇಳಿ ಬಂದೆನು. ಅನಂತರ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡುದನ್ನು ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ.

ಈ ನಾಣ್ಯವೆಂದರೇನು?

ಇಂಥ ನಾಣ್ಯಗಳಿಗೆ ಕ್ರಿಪ್ಟೊ ನಾಣ್ಯಗಳೆಂದು ಹೆಸರು. ಇವುಗಳಲ್ಲಿ ಮೊದಲನೆಯದು ಬಿಟ್‌ಕಾಯಿನ್. 2008ರ ಅಕ್ಟೋಬರ್ 31ರಂದು ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ ಇದರ ಯೋಜನೆ ಪ್ರಕಟವಾಯಿತು. 2009ರ ಜನವರಿಯಲ್ಲಿ ಆರಂಭವಾಯಿತು. ಇದನ್ನು ಕೈಯಲ್ಲಿ ಹಿಡಿಯಲು ಬಾರದು. ಇದು ಲೆಕ್ಕದ ಪುಸ್ತಕದಲ್ಲಿರುವ ಒಂದು ಅಂಕಿ ಮಾತ್ರ.

ಸಹಕಾರ ಸಂಘದ ಲೆಕ್ಕದ ಪುಸ್ತಕವು ಕಾರ್ಯದರ್ಶಿಯ ಬಳಿ ಇರುತ್ತದೆ. ಅದರ ಬದಲು ಊರಿನ ಪ್ರತಿ ಮನೆಯಲ್ಲಿಯೂ ಆ ಪುಸ್ತಕದ ಒಂದೊಂದು ಪ್ರತಿ ಇದ್ದು, ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದನ್ನು ಎಲ್ಲ ಪ್ರತಿಗಳಲ್ಲಿಯೂ ಏಕಕಾಲಕ್ಕೆ ಬರೆಯುವ ಏರ್ಪಾಡಿದೆಯೆಂದು ಭಾವಿಸಿರಿ. ಒಬ್ಬನು ತನ್ನ ಪ್ರತಿಯನ್ನು ತಿದ್ದಿದರೆ ಉಳಿದವರ ಪ್ರತಿಗಳೊಡನೆ ತಾಳೆಯಾಗದೆ ಸಿಕ್ಕಿಬೀಳುತ್ತಾನೆ. ಬಿಟ್‌ಕಾಯಿನ್ನಿನ ಪುಸ್ತಕವು ಹೀಗೆಯೇ ಜಗತ್ತಿನ ಸಾವಿರಾರು ಗಣಕಯಂತ್ರಗಳಲ್ಲಿದೆ. ಏರ್ಪಾಡು ಜಾಣತನದ್ದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಪುಸ್ತಕ ಸರಿಯಾಗಿದ್ದ ಮಾತ್ರಕ್ಕೆ ಅದರಲ್ಲಿ ಬರೆದ ಅಂಕಿಗೆ ಇಂತಿಷ್ಟೇ ಬೆಲೆ ಬರುವುದೆಂಬ ಭರವಸೆಯಿಲ್ಲ. 2021ರ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್ನಿನ ಬೆಲೆ ಸುಮಾರು 69,000 ಡಾಲರಿಗೆ ಏರಿತ್ತು. ಒಂದೇ ವರ್ಷದಲ್ಲಿ, 2022ರ ನವೆಂಬರಿನ ವೇಳೆಗೆ, ಅದು ಸುಮಾರು 16,000 ಡಾಲರಿಗೆ ಇಳಿಯಿತು. ಟೊಮೇಟೊ ಬೆಲೆ ಏರಿಳಿಯುವುದನ್ನು ನೀವು ಕಂಡಿದ್ದೀರಿ. ಬೆಲೆ ಬಿದ್ದರೂ ಟೊಮೇಟೊವನ್ನು ಸಾರಿಗೆ ಹಾಕಬಹುದು. ಈ ನಾಣ್ಯಕ್ಕೆ ಕೊಳ್ಳುವವರಿಲ್ಲದಿದ್ದರೆ ಬೇರೆ ಉಪಯೋಗವಿಲ್ಲ.

'ಗಣಿಗಾರಿಕೆ' ಎಂದರೆ ಮಣ್ಣು ಅಗೆಯುವುದಲ್ಲ

ಹಳ್ಳಿಗಳಲ್ಲಿ ಈಗ ಕೇಳಿಬರುತ್ತಿರುವ ಇನ್ನೊಂದು ಮಾತು 'ಮೈನಿಂಗ್', ಅಂದರೆ ಗಣಿಗಾರಿಕೆ. ಮನೆಯಲ್ಲಿ ಒಂದು ಯಂತ್ರವನ್ನಿಟ್ಟರೆ ಅದು ತಾನಾಗಿ ನಾಣ್ಯ ತೆಗೆಯುತ್ತದೆಂದು ಹೇಳುತ್ತಾರೆ. ಇದರ ನಿಜಾಂಶವನ್ನು ತಿಳಿಯೋಣ.

ಮೇಲೆ ಹೇಳಿದ ಪುಸ್ತಕದಲ್ಲಿ ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಹೊಸ ಪುಟ ಸೇರುತ್ತದೆ. ಆ ಪುಟವನ್ನು ಸೇರಿಸುವ ಹಕ್ಕಿಗಾಗಿ ಯಂತ್ರಗಳು ಒಂದು ಸಂಖ್ಯೆಯನ್ನು ಊಹಿಸುವ ಪೈಪೋಟಿ ನಡೆಸುತ್ತವೆ. ಮೊದಲು ಗೆದ್ದವನಿಗೆ ಹೊಸ ನಾಣ್ಯಗಳು ಬಹುಮಾನ. ಈ ಬಹುಮಾನವು 2009ರಲ್ಲಿ 50 ನಾಣ್ಯಗಳಿತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತದೆ: 2012ರಲ್ಲಿ 25, 2016ರಲ್ಲಿ 12.5, 2020ರಲ್ಲಿ 6.25, 2024ರ ಏಪ್ರಿಲಿನಲ್ಲಿ 3.125. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ.

ಕೆರೆಯ ತೂಬಿನಿಂದ ದಿನಕ್ಕೆ ಇಷ್ಟೇ ನೀರೆಂದು ಗೊತ್ತುಮಾಡಿದ್ದರೆ, ಅಚ್ಚುಕಟ್ಟಿಗೆ ಹೊಸ ಗದ್ದೆಗಳು ಸೇರಿದಷ್ಟೂ ಒಂದೊಂದು ಗದ್ದೆಯ ಪಾಲು ಕಡಿಮೆಯಾಗುತ್ತದಲ್ಲವೆ? ಇದೂ ಹಾಗೆಯೇ. ಜಗತ್ತಿನಲ್ಲಿ ಯಂತ್ರಗಳು ಹೆಚ್ಚಿದಂತೆ ಸುಮಾರು ಎರಡು ವಾರಕ್ಕೊಮ್ಮೆ ಊಹೆಯ ಪಂದ್ಯವನ್ನು ಕಠಿಣಗೊಳಿಸಲಾಗುತ್ತದೆ. ಯಂತ್ರಗಳೆಷ್ಟೇ ಇರಲಿ, ಇಡೀ ಜಗತ್ತಿಗೆ ದಿನವೊಂದಕ್ಕೆ ಸಿಗುವ ಹೊಸ ನಾಣ್ಯಗಳು ಈಗ ಸುಮಾರು 450 ಮಾತ್ರ.

ಲಾಭ-ನಷ್ಟದ ಲೆಕ್ಕ

ಬೆಳೆಗೆ ಗೊಬ್ಬರ ಹಾಕುವ ಮುನ್ನ ಲೆಕ್ಕ ನೋಡುವಂತೆ ಇದಕ್ಕೂ ನೋಡೋಣ. 2024ರ ಏಪ್ರಿಲಿನ ಆಸುಪಾಸಿನ ಪರಿಸ್ಥಿತಿಯನ್ನು ಸ್ಥೂಲವಾಗಿ ತೆಗೆದುಕೊಳ್ಳುತ್ತೇನೆ.

ಯಂತ್ರದ ಶಕ್ತಿಯನ್ನು 'ಟೆರಾಹ್ಯಾಶ್' ಎಂಬ ಅಳತೆಯಲ್ಲಿ ಹೇಳುತ್ತಾರೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಊಹೆ ಮಾಡಿದರೆ ಅದು ಒಂದು ಟೆರಾಹ್ಯಾಶ್. ಒಳ್ಳೆಯ ಹೊಸ ಯಂತ್ರದ ಶಕ್ತಿ 200 ಟೆರಾಹ್ಯಾಶ್. ಅದಕ್ಕೆ ಬೇಕಾದ ವಿದ್ಯುತ್ತು 3,500 ವಾಟ್. ಆಗ ಜಗತ್ತಿನ ಎಲ್ಲ ಯಂತ್ರಗಳ ಒಟ್ಟು ಶಕ್ತಿ ಸುಮಾರು 60 ಕೋಟಿ ಟೆರಾಹ್ಯಾಶ್ ಆಗಿತ್ತು. ಎಂದರೆ ನಮ್ಮ ಯಂತ್ರದ ಪಾಲು 30 ಲಕ್ಷದಲ್ಲಿ ಒಂದು. ದಿನದ 450 ನಾಣ್ಯಗಳಲ್ಲಿ ನಮಗೆ ಬರುವುದು 0.00015 ನಾಣ್ಯ. ನಾಣ್ಯಕ್ಕೆ 50 ಲಕ್ಷ ರೂಪಾಯಿ ಬೆಲೆಯೆಂದು ಹಿಡಿದರೆ ದಿನಕ್ಕೆ 750 ರೂಪಾಯಿ ಆದಾಯ.

ಖರ್ಚು ನೋಡಿರಿ. ಹಗಲೂ ರಾತ್ರಿಯೂ ಓಡಿದರೆ ದಿನಕ್ಕೆ 84 ಯೂನಿಟ್ ವಿದ್ಯುತ್ತು. ಯೂನಿಟ್ಟಿಗೆ 8 ರೂಪಾಯಿಯಂತೆ 672 ರೂಪಾಯಿ. ಉಳಿಯುವುದು 78 ರೂಪಾಯಿ. ಯಂತ್ರಕ್ಕೆ 3 ಲಕ್ಷ ರೂಪಾಯಿಯೆಂದು ಹಿಡಿದರೂ ಅಸಲು ಮರಳಲು ಹತ್ತು ವರ್ಷಗಳಿಗೂ ಮೀರಿ ಬೇಕು. ಬಡ್ಡಿ, ದುರಸ್ತಿ, ಯಂತ್ರವನ್ನು ತಂಪಾಗಿಡುವ ಖರ್ಚು ಇದರಲ್ಲಿ ಸೇರಿಲ್ಲ. ಅಷ್ಟರೊಳಗೆ, 2028ರ ಸುಮಾರಿಗೆ, ಬಹುಮಾನವು ಮತ್ತೆ ಅರ್ಧವಾಗಲಿದೆ.

2025ರಲ್ಲಿ ಜಗತ್ತಿನ ಒಟ್ಟು ಶಕ್ತಿ 100 ಕೋಟಿ ಟೆರಾಹ್ಯಾಶ್ ದಾಟಿತು. ಬೆಲೆ 50 ಲಕ್ಷದಲ್ಲಿಯೇ ಇದ್ದಿದ್ದರೆ ಆಗ ನಮ್ಮ ಆದಾಯ 450 ರೂಪಾಯಿಗೆ ಇಳಿದು, ದಿನಕ್ಕೆ 222 ರೂಪಾಯಿ ಕೈಯಿಂದ ಹೋಗುತ್ತಿತ್ತು. ಅದೇ ವರ್ಷ ಬೆಲೆಯೂ ಒಂದು ಕೋಟಿ ರೂಪಾಯಿ ದಾಟಿದ್ದರಿಂದ ಕೆಲವು ದಿನ ಗಳಿಕೆಯಾದದ್ದು ನಿಜ. ಆ ಬೆಲೆ ನಿಲ್ಲಲಿಲ್ಲ. ಆದುದರಿಂದ ಈ ಕೆಲಸವು ವಿದ್ಯುತ್ತು ಅತಿ ಅಗ್ಗವಾಗಿರುವ ಕಡೆ, ದೊಡ್ಡ ಬಂಡವಾಳವುಳ್ಳವರಿಗೆ ಮಾತ್ರ ಒಗ್ಗುವಂಥದು. ಭೂತಾನದಲ್ಲಿ ಸರ್ಕಾರದ ಸಂಸ್ಥೆಯೇ ಜಲವಿದ್ಯುತ್ತಿನಿಂದ ಇದನ್ನು ನಡೆಸುತ್ತಿದೆ. ಒಂದು ಕಾಲಕ್ಕೆ ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದ ಚೀನಾ 2021ರಲ್ಲಿ ಅದನ್ನು ನಿಷೇಧಿಸಿತು.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ತು ಉಚಿತ. "ಪಂಪ್‌ಮನೆಯಲ್ಲಿಯೇ ಯಂತ್ರ ಇಡಿ, ಕರೆಂಟಿಗೆ ಕಾಸಿಲ್ಲ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ನೀರಾವರಿಗೆಂದು ಕೊಟ್ಟ ವಿದ್ಯುತ್ತನ್ನು ಬೇರೆ ಕೆಲಸಕ್ಕೆ ಬಳಸುವುದು 2003ರ ವಿದ್ಯುತ್ ಕಾಯಿದೆಯ ಪ್ರಕಾರ ಅನಧಿಕೃತ ಬಳಕೆ. ದಂಡ ತೆರಬೇಕಾಗುವುದು ನೀವೇ.

ಮೋಸದ ಬಗೆಗಳು

ಮೊದಲನೆಯದು, ಯಂತ್ರವನ್ನೇ ತೋರಿಸದ ಗಣಿಗಾರಿಕೆ. "ಯಂತ್ರಗಳು ಪರದೇಶದಲ್ಲಿವೆ, ನೀವು ಹಣ ಕೊಟ್ಟರೆ ಸಾಕು" ಎನ್ನುತ್ತಾರೆ. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆಯು ನಮ್ಮ ದೇಶದಲ್ಲಿ ಹೀಗೆಯೇ ನಡೆಯಿತು. ಹಾಕಿದ ನಾಣ್ಯಕ್ಕೆ ತಿಂಗಳಿಗೆ ನೂರಕ್ಕೆ 10ರಂತೆ 18 ತಿಂಗಳು ಕೊಡುವೆವೆಂದು ಮಾತು ಕೊಟ್ಟು, ಕೊನೆಗೆ ತಮ್ಮದೇ ಬೇರೊಂದು ಅಗ್ಗದ ನಾಣ್ಯವನ್ನು ಜನರ ಕೈಗಿಟ್ಟರೆಂಬುದು ಆರೋಪ. 2018ರಲ್ಲಿ ಬಂಧನಗಳಾದವು, 2025ರ ಫೆಬ್ರವರಿಯಲ್ಲಿಯೂ ಸಿಬಿಐ ಹಲವು ಕಡೆ ಶೋಧ ನಡೆಸಿತು.

ಎರಡನೆಯದು, ಇಲ್ಲದ ನಾಣ್ಯದ ಮಾರಾಟ. 2014ರಲ್ಲಿ ಬಲ್ಗೇರಿಯದಿಂದ ಹೊರಟ ಒನ್‌ಕಾಯಿನ್‌ಗೆ ಮೇಲೆ ಹೇಳಿದ ಸಾರ್ವಜನಿಕ ಪುಸ್ತಕವೇ ಇರಲಿಲ್ಲ. ಜಗತ್ತಿನಾದ್ಯಂತ ಜನ 400 ಕೋಟಿ ಡಾಲರಿನಷ್ಟು ಹಣ ಸುರಿದರು. ಅದರ ಮುಖ್ಯಸ್ಥೆ ರುಜಾ ಇಗ್ನಾಟೊವಾ 2017ರ ಅಕ್ಟೋಬರಿನಲ್ಲಿ ಕಣ್ಮರೆಯಾದಳು. ನಮ್ಮ ಹಿಮಾಚಲ ಪ್ರದೇಶದಲ್ಲಿ 2018ರಿಂದ ಕೊರ್ವಿಯೊ ಎಂಬ ಹುಸಿ ನಾಣ್ಯದ ಹೆಸರಿನಲ್ಲಿ ಸಾವಿರಾರು ಜನ ಹಣ ಕಳೆದುಕೊಂಡರು. ಅವರಲ್ಲಿ ಪೊಲೀಸ್ ಸಿಬ್ಬಂದಿಯೂ ಇದ್ದರು. ಆದುದರಿಂದ ಓದು ಬರಹ ಬಲ್ಲವರು ಮೋಸಹೋಗುವುದಿಲ್ಲವೆಂದು ತಿಳಿಯಬಾರದು.

ಮೂರನೆಯದು, ಸದಸ್ಯರನ್ನು ಸೇರಿಸಿದರೆ ಹಣ. ಒಬ್ಬನು ಹತ್ತು ಜನರನ್ನು, ಆ ಹತ್ತು ಜನರು ತಲಾ ಹತ್ತು ಜನರನ್ನು ಸೇರಿಸಬೇಕೆಂದು ಇಟ್ಟುಕೊಳ್ಳಿರಿ. 10, 100, 1,000 ಎಂದು ಎಣಿಸುತ್ತ ಹೋದರೆ ಎಂಟನೆಯ ಮೆಟ್ಟಿಲಿಗೆ 10 ಕೋಟಿ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ. ಕೆಳಗಿನ ಮೆಟ್ಟಿಲಿನವರ ಹಣದಿಂದಲೇ ಮೇಲಿನವರಿಗೆ ಲಾಭ ಕೊಡುತ್ತಾರೆ. ಹೊಸಬರು ಬರುವುದು ನಿಂತ ದಿನ ಎಲ್ಲವೂ ಕುಸಿಯುತ್ತದೆ. ಇದರಲ್ಲಿ ಇನ್ನೂ ಕೆಟ್ಟದ್ದೆಂದರೆ, ಹಣದೊಡನೆ ನೆಂಟಸ್ತಿಕೆಯೂ ಹಾಳಾಗುವುದು.

ನಾಲ್ಕನೆಯದು, ಹುಸಿ ಆ್ಯಪ್. ಪರಿಚಯವಿಲ್ಲದವರು ವಾಟ್ಸಾಪ್ ಅಥವಾ ಟೆಲಿಗ್ರಾಂ ಗುಂಪಿಗೆ ಸೇರಿಸಿ ಸ್ನೇಹ ಬೆಳೆಸುತ್ತಾರೆ. ಆರಂಭದಲ್ಲಿ ಸ್ವಲ್ಪ ಹಣ ಹಿಂದಕ್ಕೆ ಕೊಡುತ್ತಾರೆ. ಮೀನಿಗೆ ಗಾಳದಲ್ಲಿ ಎರೆಹುಳು ಕಟ್ಟುವಂತೆ ಅದು. ದೊಡ್ಡ ಮೊತ್ತ ಹಾಕಿದ ಮೇಲೆ ಹಣ ಕೇಳಿದರೆ, "ಮೊದಲು ತೆರಿಗೆ ಕಟ್ಟಿ" ಎಂದು ಮತ್ತಷ್ಟು ಕೀಳುತ್ತಾರೆ.

ಮೋಸವಿಲ್ಲದ ವ್ಯಾಪಾರಕೇಂದ್ರದಲ್ಲಿಯೂ ಅಪಾಯ ತಪ್ಪಿದ್ದಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ನಮ್ಮ ದೇಶದ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳನ್ನು ಕಳ್ಳರು ಗಣಕಯಂತ್ರದ ಮೂಲಕವೇ ಸಾಗಿಸಿದರು.

ಕಾನೂನು ಏನು ಹೇಳುತ್ತದೆ?

ರಿಸರ್ವ್ ಬ್ಯಾಂಕು 2013ರ ಡಿಸೆಂಬರಿನಲ್ಲಿಯೇ ಜನರಿಗೆ ಎಚ್ಚರಿಕೆ ಕೊಟ್ಟಿತು. 2018ರ ಏಪ್ರಿಲಿನಲ್ಲಿ ಬ್ಯಾಂಕುಗಳು ಈ ವ್ಯಾಪಾರಕ್ಕೆ ನೆರವಾಗಬಾರದೆಂದು ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದುಮಾಡಿತು. 2022ರ ಏಪ್ರಿಲಿನಿಂದ ಇದರ ಲಾಭಕ್ಕೆ ನೂರಕ್ಕೆ 30ರಂತೆ ತೆರಿಗೆ ಬಂದಿದೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬರುವುದಿಲ್ಲ. ಅದೇ ಜುಲೈಯಿಂದ ಮಾರಿದ ಹಣದಲ್ಲಿ ನೂರಕ್ಕೆ 1ರಂತೆ ಮೂಲದಲ್ಲಿಯೇ ತೆರಿಗೆ ಹಿಡಿಯುವ ನಿಯಮವೂ ಬಂತು. 2023ರ ಮಾರ್ಚಿನಿಂದ ವ್ಯಾಪಾರಕೇಂದ್ರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ಕೆಳಗೆ ಬಂದಿವೆ.

ಇದನ್ನು ಪೂರ್ಣ ನಿಷೇಧಿಸಬೇಕೆಂದು ಕೆಲವರೂ, ನಿಷೇಧಿಸಿದರೆ ವ್ಯಾಪಾರ ಕಳ್ಳದಾರಿ ಹಿಡಿಯುವುದರಿಂದ ಕಟ್ಟುಪಾಡು ವಿಧಿಸಿ ನಡೆಸಬೇಕೆಂದು ಕೆಲವರೂ ವಾದಿಸುತ್ತಾರೆ. ರಿಸರ್ವ್ ಬ್ಯಾಂಕಿನ ಒಲವು ಮೊದಲಿನ ಪಕ್ಷದ ಕಡೆಗೆ. 2021ರಲ್ಲಿ ಸಂಸತ್ತಿನ ಕಾರ್ಯಪಟ್ಟಿಗೆ ಒಂದು ಮಸೂದೆ ಸೇರಿತ್ತಾದರೂ ಮಂಡನೆಯಾಗಲಿಲ್ಲ. ನಾವು ತಿಳಿಯಬೇಕಾದುದು ಇಷ್ಟು: ತೆರಿಗೆ ಹಾಕಿದ ಮಾತ್ರಕ್ಕೆ ಸರ್ಕಾರ ಇದಕ್ಕೆ ಜಾಮೀನು ನಿಂತಂತಲ್ಲ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆ. ಇದಕ್ಕೆ ಅಂಥದೇನೂ ಇಲ್ಲ. 2022ರ ಡಿಸೆಂಬರಿನಲ್ಲಿ ಬೆಂಗಳೂರೂ ಸೇರಿದಂತೆ ನಾಲ್ಕು ನಗರಗಳಲ್ಲಿ ರಿಸರ್ವ್ ಬ್ಯಾಂಕು ಪ್ರಯೋಗಕ್ಕೆ ತಂದ ಡಿಜಿಟಲ್ ರೂಪಾಯಿಯೇ ಬೇರೆ. ಅದು ನಮ್ಮ ರೂಪಾಯಿಯೇ. ಅದರ ಹೆಸರು ಹೇಳಿ ಬೇರೆ ನಾಣ್ಯ ಮಾರುವವರನ್ನು ನಂಬಬಾರದು.

ನೆನಪಿಡಬೇಕಾದ ಅಂಶಗಳು

1. ಇಷ್ಟು ದಿನಕ್ಕೆ ಇಷ್ಟು ಲಾಭ ಖಂಡಿತವೆಂದು ಹೇಳಿದರೆ ಅದು ಮೋಸವೆಂದೇ ತಿಳಿಯಿರಿ. ಬೆಲೆ ಏರಿಳಿಯುವ ವಸ್ತುವಿನಲ್ಲಿ ಲಾಭ ಖಂಡಿತವಾಗಿರಲು ಸಾಧ್ಯವಿಲ್ಲ.
2. ಮೊದಲು ಸ್ವಲ್ಪ ಹಣ ಹಿಂದಕ್ಕೆ ಬಂದುದು ನಂಬಿಕೆಗೆ ಸಾಕ್ಷಿಯಲ್ಲ.
3. ಹಣ ಬಿಡಿಸಿಕೊಳ್ಳಲು ಹಣ ಕೇಳಿದರೆ ಒಂದು ಕಾಸನ್ನೂ ಕೊಡಬೇಡಿರಿ. ಆದಾಯ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಬೇಕೇ ಹೊರತು ಆ್ಯಪ್ ನಡೆಸುವವನ ಖಾತೆಗಲ್ಲ.
4. ಒಟಿಪಿ, ಗುಪ್ತಸಂಖ್ಯೆಗಳನ್ನು ಯಾರಿಗೂ ಹೇಳಬೇಡಿರಿ. ನಿಮ್ಮ ಬ್ಯಾಂಕ್ ಖಾತೆಯನ್ನು ಬೇರೆಯವರ ಹಣ ಸಾಗಿಸಲು ಕೊಡಬೇಡಿರಿ.
5. ಮೋಸಹೋದರೆ ನಾಚಿಕೆಪಟ್ಟು ಕೂರದೆ, ಆ ಕ್ಷಣವೇ 1930 ಸಂಖ್ಯೆಗೆ ಫೋನ್ ಮಾಡಿರಿ. ಬ್ಯಾಂಕಿಗೂ ಪೊಲೀಸ್ ಠಾಣೆಗೂ ದೂರು ಕೊಡಿರಿ. ಬೇಗ ತಿಳಿಸಿದಷ್ಟೂ ಹಣವನ್ನು ನಡುವೆ ತಡೆಯುವ ಅವಕಾಶ ಹೆಚ್ಚು.
6. ಸಾಲ ತಂದಾಗಲಿ, ಒಡವೆ ಅಡವಿಟ್ಟಾಗಲಿ, ದನಕರು ಮಾರಿಯಾಗಲಿ ಇದಕ್ಕೆ ಹಣ ಹಾಕಲೇಬಾರದು.

ಹದಿನೈದು ದಿನಗಳ ನಂತರ ಆ ಹಿರಿಯರ ಮನೆಗೆ ಹೋಗಿ ಈ ಲೆಕ್ಕವನ್ನೆಲ್ಲ ಹೇಳಿದೆನು. "ಯಜಮಾನರೇ, ನಿಮಗೆ ಬಂದ ಎಂಟುನೂರು ನಿಮ್ಮ ಐದು ಸಾವಿರದಿಂದಲೇ ಕೊಟ್ಟದ್ದಿರಬಹುದು. ಉಳಿದದ್ದನ್ನು ಪೂರ್ತಿ ಹಿಂದಕ್ಕೆ ಕೇಳಿ ನೋಡಿ" ಎಂದೆನು. ಕೇಳಿದರು. ಮೊದಲು 2,000 ರೂಪಾಯಿ ತೆರಿಗೆ ಕಟ್ಟಬೇಕೆಂದು ಉತ್ತರ ಬಂತು. ಅವರು ಫೋನನ್ನು ಜಗಲಿಯ ಮೇಲಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಂದೇ 1930ಕ್ಕೆ ದೂರು ಕೊಡಿಸಿದೆವು. ಆ ಹಣ ಇನ್ನೂ ಬಂದಿಲ್ಲ. ತಂಗಿಯ ಮಗನೂ ತನ್ನ ಇಪ್ಪತ್ತು ಸಾವಿರ ಕಳೆದುಕೊಂಡಿದ್ದನೆಂದು ಆಮೇಲೆ ತಿಳಿಯಿತು. ಅವನು ಮೋಸಗಾರನಲ್ಲ, ಮೋಸಹೋದವನು.

ಹಸುಗಳು ಮಾತ್ರ ಕೊಟ್ಟಿಗೆಯಲ್ಲಿಯೇ ಇವೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೋಗುತ್ತಿದೆ. ನಿಮ್ಮ ಊರಿಗೂ ಇಂಥ ಮಾತು ಹೊತ್ತು ಯಾರಾದರೂ ಬಂದರೆ ಹಣ ಕೊಡುವ ಮೊದಲು ಹತ್ತು ಜನರೆದುರು ಲೆಕ್ಕ ಕೇಳಿರಿ. ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲೆಂದು ಹಿರಿಯರು ಹೇಳಿದ್ದಾರೆ. ಆ ಮೇಟಿಯಿಂದ ಬಂದ ಹಣವನ್ನು ಕಾಯುವುದೂ ಬೇಸಾಯದ ಒಂದು ಕೆಲಸವೇ ಸರಿ.

— ಗ್ರಾಮಸೇವಕ