ನಿದ್ದೆಗೆ ಗಾಳಿ ಬೇಕು, ಬೆಳಕು ಬೇಕು



ರಾತ್ರಿಯಿಡೀ ಮಲಗಿದರೂ ಬೆಳಿಗ್ಗೆ ಒಮ್ಮೊಮ್ಮೆ ತಲೆ ಭಾರ ಅನ್ನಿಸುತ್ತದೆ. ಯಾಕೆ? ಮುಚ್ಚಿದ ಕೋಣೆಯೂ ಒಂದು ಕಾರಣ ಇರಬಹುದು. ಇದನ್ನು ತಿಳಿಯಲು ಬಲು ದೂರದ ಒಂದು ಮನೆಗೆ ಹೋಗಿ ಬರೋಣ.

ಆ ಮನೆ ನೆಲದ ಮೇಲಿಲ್ಲ. ಸುಮಾರು 400 ಕಿಲೋಮೀಟರ್ ಮೇಲೆ, ಆಕಾಶದಲ್ಲಿದೆ. ಅದಕ್ಕೆ ಬಾಹ್ಯಾಕಾಶ ನಿಲ್ದಾಣ ಅಂತಾರೆ. ಸುನೀತಾ ವಿಲಿಯಮ್ಸ್ ಎಂಬ ಹೆಣ್ಣುಮಗಳು 2024ರ ಜೂನ್ ತಿಂಗಳಲ್ಲಿ ಅಲ್ಲಿಗೆ ಹೋದರು. ಎಂಟು ದಿನಕ್ಕೆಂದು ಹೋದವರು ಒಂಬತ್ತು ತಿಂಗಳು ಇರಬೇಕಾಯಿತು!

ಅಲ್ಲಿ ಹೊರಗೆ ಉಸಿರಾಡಲು ಗಾಳಿಯೇ ಇಲ್ಲ. ಒಳಗೆ ಗಾಳಿ ತುಂಬಿ ಬಿಗಿಯಾಗಿ ಮುಚ್ಚಿದ್ದಾರೆ. ಕಿಟಕಿ ತೆರೆಯುವ ಹಾಗಿಲ್ಲ. ಮಲಗೋದು ಬೀರುವಿನಷ್ಟು ಚಿಕ್ಕ ಗೂಡಿನಲ್ಲಿ.

ಅಲ್ಲಿ ನಿದ್ದೆಗೆ ಎರಡು ತೊಂದರೆ.

ಒಂದು, ಗಾಳಿ. ನಾವು ಬಿಟ್ಟ ಬೆಚ್ಚನೆಯ ಉಸಿರು ಇಲ್ಲಿ ಮೇಲಕ್ಕೆ ಹೋಗುತ್ತದೆ. ಅಲ್ಲಿ ಮುಖದ ಸುತ್ತಲೇ ನಿಲ್ಲುತ್ತದೆ. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡರೆ ತಲೆನೋವು ಬರುತ್ತದೆ. ಅದಕ್ಕೇ ಅಲ್ಲಿ ಹಗಲೂ ರಾತ್ರಿ ಫ್ಯಾನು ತಿರುಗುತ್ತಿರಬೇಕು.

ಎರಡು, ಬೆಳಕು. ನಮ್ಮ ಮೈಯೊಳಗೆ ಒಂದು ಗಡಿಯಾರವಿದೆ. ಬೆಳಕಾದರೆ ಏಳು ಅನ್ನುತ್ತೆ. ಕತ್ತಲಾದರೆ ಮಲಗು ಅನ್ನುತ್ತೆ. ಆ ಮನೆ ಒಂದೂವರೆ ಗಂಟೆಗೆ ಭೂಮಿಯನ್ನು ಒಂದು ಸುತ್ತು ಹಾಕುತ್ತದೆ. 24 ಗಂಟೆಯಲ್ಲಿ 16 ಸಲ ಸೂರ್ಯ ಹುಟ್ಟುತ್ತಾನೆ! ಮೈಯ ಗಡಿಯಾರಕ್ಕೆ ದಿಕ್ಕು ತಪ್ಪುತ್ತದೆ. ಆದ್ದರಿಂದ ದೀಪ ಹಚ್ಚಿ ಹಗಲು ಮಾಡುತ್ತಾರೆ, ಆರಿಸಿ ರಾತ್ರಿ ಮಾಡುತ್ತಾರೆ. ಆದರೂ ಬರುವ ನಿದ್ದೆ ಸುಮಾರು ಆರೇ ಗಂಟೆ.

ಈಗ ನಮ್ಮ ಮನೆಗೆ ಬರೋಣ. ಬಾಣಂತಿ ಕೋಣೆ ನೋಡಿ. ಕಿಟಕಿ ಮುಚ್ಚುತ್ತೇವೆ. ಸಂದಿಗೆ ಬಟ್ಟೆ ತುರುಕುತ್ತೇವೆ. ಒಳಗೆ ಕೆಂಡ ಇಡುತ್ತೇವೆ. “ಗಾಳಿ ಬಿಟ್ರೆ ಶೀತ ಆಗಲ್ವಾ?” ಅಂತ ಕೇಳುತ್ತೇವೆ.

ಬೆಚ್ಚಗಿರಬೇಕು, ನಿಜ. ಆದರೆ ಕೆಂಡದಿಂದ ವಿಷಗಾಳಿ ಬರುತ್ತದೆ. ಅದರ ಹೆಸರು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆ ಭಾರ, ವಾಕರಿಕೆ, ಮಂಪರು. ಒಳ್ಳೆ ನಿದ್ದೆ ಬಂತು ಅಂದುಕೊಳ್ಳುತ್ತೇವೆ. ಆ ನಿದ್ದೆಯಲ್ಲೇ ತಾಯಿ, ಮಗುವಿನ ಪ್ರಾಣ ಹೋಗಬಹುದು.

ಹಾಗಾದರೆ ಏನು ಮಾಡೋಣ?

ಮಲಗುವ ಕೋಣೆಯಲ್ಲಿ ಕೆಂಡ ಇಡೋದು ಬೇಡ. ಕಿಟಕಿ ಸ್ವಲ್ಪ ತೆರೆದಿದ್ದರೂ ಬೇಡ.

ಮಗುವನ್ನು ತಾಯಿಯ ಎದೆಗೆ ಒತ್ತಿ ಹಿಡಿದು, ಮೇಲೆ ಬಟ್ಟೆ ಹೊದಿಸೋಣ. ಮುಖ ಮಾತ್ರ ಮುಚ್ಚಬಾರದು.

ಹಗಲು ಕಿಟಕಿ ತೆರೆಯೋಣ. ಗಾಳಿ ನೇರ ಬಡಿಯದ ಕಡೆ ಹಾಸಿಗೆ ಹಾಕೋಣ. ಹಗಲು ಬೆಳಕು, ರಾತ್ರಿ ಕತ್ತಲೆ ಇದ್ದರೆ ಕೂಸು ಬರಬರುತ್ತಾ ರಾತ್ರಿ ಮಲಗೋದು ಕಲಿಯುತ್ತದೆ.

ಕೆಂಡವಿದ್ದ ಕೋಣೆಯಲ್ಲಿ ಯಾರಿಗಾದರೂ ತಲೆ ಸುತ್ತಿದರೆ ಕೂಡಲೇ ಹೊರಗೆ ಕರೆತರಬೇಕು. ಆಸ್ಪತ್ರೆಗೆ ಒಯ್ಯಬೇಕು.

ಆಕಾಶದ ಮನೆಯವರಿಗೆ ಕಿಟಕಿ ತೆರೆಯೋ ಭಾಗ್ಯವಿಲ್ಲ. ನಮಗಿದೆ. ತೆರೆಯೋಣ ಅಲ್ಲವೇ?