ಮೌಸಿನ ಅಖಾಡಕ್ಕೆ ಹೆಬ್ಬೆರಳು ಇಳಿದಾಗ

ಕ್ವೇಕ್ 3 ಅರೀನಾದಲ್ಲಿ ಕಥೆ ಇಲ್ಲ. ಹೊಡೆಯುವುದು, ಹೊಡೆಸಿಕೊಳ್ಳುವುದು, ಕಬಡ್ಡಿಯಲ್ಲಿ ಔಟಾದವನು ಮರುಗಳಿಗೆಯೇ ಒಳಬಂದಂತೆ ಎದ್ದು ಮತ್ತೆ ಓಡುವುದು, ಅಷ್ಟೆ. ಟೆಕ್ಸಾಸಿನ ಇಡ್ ಸಾಫ್ಟ್‌ವೇರ್ 1999ರ ಡಿಸೆಂಬರಿನಲ್ಲಿ ಬಿಟ್ಟ ಈ ಆಟ ಅಪ್ಪಟ ಕಂಪ್ಯೂಟರಿನ ಕೂಸು: ಎಡಗೈ ಕೀಬೋರ್ಡಿಗೆ, ಬಲಗೈ ಮೌಸಿಗೆ. ಇಂಥ ಆಟಗಳು ಶಿವಮೊಗ್ಗ, ಭದ್ರಾವತಿಗಳಿಗೆ ಬಂದದ್ದೂ ಸೈಬರ್ ಸೆಂಟರುಗಳ ಮೂಲಕವೇ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಪಕ್ಕದ ಕಂಪ್ಯೂಟರಿನಲ್ಲಿ ಕೂತ ಗೆಳೆಯನಿಗೇ ಗುಂಡು ಹೊಡೆದು, ‘ಹಿಂದ್ಗಡೆ ಇದಾನೆ ನೋಡೋ’ ಎಂದು ಕೂಗುವ ಕಾಲ ಅದು. ಟೀವಿಗೆ ಜೋಡಿಸಿ ಆಡುವ ದುಬಾರಿ ಕನ್ಸೋಲ್ ಇದ್ದ ಮನೆ ಅಪರೂಪ.

ಅಮೆರಿಕದಲ್ಲಿ ಮಾತ್ರ ಕನ್ಸೋಲಿನದೇ ದೊಡ್ಡ ಮಾರುಕಟ್ಟೆ. ಸೆಗಾದ ಡ್ರೀಮ್‌ಕಾಸ್ಟ್ ಕನ್ಸೋಲಿಗೆ ಆಟವನ್ನು ಒಗ್ಗಿಸುವ ಕೆಲಸ ರಾಸ್ಟರ್ ಪ್ರೊಡಕ್ಷನ್ಸ್ ಪಾಲಿಗೆ ಬಂತು. ಕಂಪ್ಯೂಟರಿನಲ್ಲಿ ಕನಿಷ್ಠ 64 ಎಂಬಿ ಮೆಮೊರಿ ಬೇಡುತ್ತಿದ್ದ ಆಟವನ್ನು 16 ಎಂಬಿಯಲ್ಲಿ, ಚಿತ್ರಗಳಿಗೆಂದೇ ಇದ್ದ ಇನ್ನೊಂದು 8 ಎಂಬಿಯಲ್ಲಿ ಕೂರಿಸಬೇಕಿತ್ತು. ಚಿತ್ರಗಳ ನಯ ಇಳಿಯಿತು. ಆಟ 2000ದ ಅಕ್ಟೋಬರಿನಲ್ಲಿ ಅಂಗಡಿಗೆ ಬಂತು. ನನ್ನ ಪ್ರಕಾರ ನಿಜವಾದ ಪೇಚು ಮೆಮೊರಿಯದಲ್ಲ, ಕೈಯದು. ಮೌಸಾದರೆ ಮಣಿಕಟ್ಟು ಒಮ್ಮೆ ಒದರಿದರೆ ಸಾಕು, ಬೆನ್ನ ಹಿಂದಿನ ವೈರಿ ಎದುರಿಗಿರುತ್ತಾನೆ. ಡ್ರೀಮ್‌ಕಾಸ್ಟಿನ ಪ್ಯಾಡಿನಲ್ಲಿದ್ದದ್ದು ಹೆಬ್ಬೆರಳಿನಿಂದ ಆಡಿಸುವ ಒಂದೇ ಅನಲಾಗ್ ಸ್ಟಿಕ್. ಅದನ್ನು ಗುರಿಗೆ ಕೊಟ್ಟರೆ ನಡೆಯಲು ಉಳಿಯುವುದು ಬರೀ ಗುಂಡಿಗಳು.

ಸೆಗಾ ಒಂದು ಧೈರ್ಯ ಮಾಡಿತು. ಮೋಡೆಮ್ ಹೇಗೂ ಒಳಗೇ ಇತ್ತು. ಕನ್ಸೋಲಿನವರೂ ಕಂಪ್ಯೂಟರಿನವರೂ ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ಕಾದಾಡಬಹುದು ಎಂದಿತು. ಮೌಸಿನೆದುರು ಹೆಬ್ಬೆರಳಿನ ಬಡತನ ಅಲ್ಲಿ ಬಟಾಬಯಲಾಯಿತು. ಡ್ರೀಮ್‌ಕಾಸ್ಟಿಗೂ ಕೀಬೋರ್ಡು, ಮೌಸು ಸಿಗುತ್ತಿದ್ದವು ಅನ್ನಿ. ಅವನ್ನು ಕೊಂಡ ಮೇಲೆ ಕನ್ಸೋಲ್ ಯಾಕೆ ಬೇಕು?

2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬುಲ್‌ಫ್ರಾಗ್ ಸಿದ್ಧಪಡಿಸಿದ ‘ಕ್ವೇಕ್ 3 ರೆವಲ್ಯೂಷನ್’ ಈ ತಂಟೆಗೇ ಹೋಗಲಿಲ್ಲ. ಆನ್‌ಲೈನ್ ಬಿಟ್ಟು, ಒಬ್ಬಂಟಿ ಆಟವನ್ನು ಹಿಗ್ಗಿಸಿ, ಜೊತೆಗೆ ಆಡುವವರಿಗೆ ಟೀವಿ ಪರದೆಯನ್ನೇ ಪಾಲು ಮಾಡಿ ಕೊಟ್ಟಿತು. ಅದೇ ವರ್ಷದ ಕೊನೆಗೆ ಎಕ್ಸ್‌ಬಾಕ್ಸಿನ ‘ಹೇಲೋ’ ಬಂತು. ಅದು ನಡಿಗೆಯನ್ನೇ ನಿಧಾನ ಮಾಡಿ, ಗುರಿಗೆ ಗುಟ್ಟಾಗಿ ಕೈಯಾಸರೆ ಕೊಟ್ಟು, ಹೆಬ್ಬೆರಳಿಗೆಂದೇ ಹುಟ್ಟಿದ ಆಟ. ಮುಂದೆ ಕನ್ಸೋಲಿನಲ್ಲಿ ನಡೆದದ್ದು ಇದರದೇ ದಾರಿ.

2010ರ ಡಿಸೆಂಬರಿನಲ್ಲಿ ಪೈ ಸ್ಟುಡಿಯೋಸ್ ಕ್ವೇಕನ್ನು ಎಕ್ಸ್‌ಬಾಕ್ಸ್ 360ಕ್ಕೆ ತಂದಾಗ 512 ಎಂಬಿ ಮೆಮೊರಿಯಿತ್ತು, ಪ್ಯಾಡಿನಲ್ಲಿ ಎರಡು ಸ್ಟಿಕ್ಕುಗಳಿದ್ದವು. ಕಂಪ್ಯೂಟರಿನವರನ್ನು ಮಾತ್ರ ಈ ಸಲ ಒಳಗೆ ಬಿಟ್ಟುಕೊಳ್ಳಲಿಲ್ಲ.