ಏರಿಲ್ಲದ ನಾಡಿನಲ್ಲಿ ಸೈಕಲ್ ಸವಾರಿ

ಪ್ರಶ್ನೆ: ನೆದರ್‌ಲ್ಯಾಂಡ್ಸ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ. ಅಲ್ಲಿನ ಹಳ್ಳಿಗಾಡೆಲ್ಲ ಸಮತಟ್ಟಂತೆ. ಅರವತ್ತು ದಾಟಿದ ನಾನು ದಿನವಿಡೀ ಸೈಕಲ್ ತುಳಿದರೆ ಸುಸ್ತಾಗುವುದಿಲ್ಲವೇ?

ಉತ್ತರ: ಏರು ಕಾಡುವುದಿಲ್ಲ, ಗಾಳಿ ಕಾಡುತ್ತದೆ. ನೀರು ಬಸಿದು ಪಡೆದ ಪೋಲ್ಡರ್ ಭೂಮಿಯಲ್ಲಿ ಗಾಳಿಯನ್ನು ತಡೆಯುವ ಗುಡ್ಡಗಳೇ ಇಲ್ಲ. ಮೈಗೆ ಬಡಿಯುವ ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಡೆ ನಾಲ್ಕು ಪಟ್ಟಾಗುತ್ತದೆ. ಇಳಿಜಾರಿಲ್ಲದ್ದರಿಂದ ಕಾಲಿಗೆ ಬಿಡುವೂ ಸಿಗದು. ಡಚ್ಚರು ಇದನ್ನೇ ಆಟವಾಗಿಸಿಕೊಂಡಿದ್ದಾರೆ: ಬಿರುಗಾಳಿ ಎದ್ದಾಗ ಓಸ್ಟರ್‌ಸ್ಕೆಲ್ಡೆ ಕಡಲತಡೆಯ ಮೇಲೆ, ಗೇರ್ ಬದಲಿಸಲಾಗದ ಸಾದಾ ಸೈಕಲ್‌ಗಳಲ್ಲಿ 8.5 ಕಿ.ಮೀ. ಎದುರುಗಾಳಿ ಪಂದ್ಯ! ಹುಚ್ಚೆನ್ನಿ, ನನಗಂತೂ ಇಷ್ಟ.

ನೀವು ಬೆಳಿಗ್ಗೆ, ಕಾಲಲ್ಲಿ ಕಸುವಿರುವಾಗ, ಗಾಳಿಗೆ ಎದುರಾಗಿ ಹೊರಡಿ. ಸಂಜೆ ಅದೇ ಗಾಳಿ ಬೆನ್ನು ತಳ್ಳುತ್ತದೆ. ಅಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದಿಂದ. ದಾರಿ ತಪ್ಪುವ ಭಯ ಬೇಡ. ಸೈಕಲ್ ಹಾದಿಗಳು ಕೂಡುವಲ್ಲೆಲ್ಲ ಸಂಖ್ಯೆಯ ಫಲಕವಿದೆ. ಹೋಗಬೇಕಾದ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಸಾಕು. 1990ರ ದಶಕದಲ್ಲಿ ಪಕ್ಕದ ಬೆಲ್ಜಿಯಂನಲ್ಲಿ ಗಣಿ ಎಂಜಿನಿಯರೊಬ್ಬರು ರೂಪಿಸಿದ ಪದ್ಧತಿಯಿದು. ಮತ್ತೊಂದು ಮಾತು: ಅಲ್ಲಿ ರಸ್ತೆಯ ಬಲಬದಿಯಲ್ಲಿ ಸಾಗಬೇಕು, ಮರೆಯದಿರಿ.